ವೈಪರ್ ಮೋಟರ್ ಮತ್ತು ಅದರ ರಿಪೇರಿ ನಡೆದುಬಂದ ದಾರಿ

ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ 1903ರ ನವೆಂಬರ್‌ನಲ್ಲಿ ಪೇಟೆಂಟ್ ಪಡೆದ ಗಾಜು ಒರೆಸುವ ಸಾಧನಕ್ಕೆ ಮೋಟರ್ ಇರಲಿಲ್ಲ. ಚಾಲಕ ಒಳಗೆ ಕುಳಿತೇ ಒಂದು ಹಿಡಿಯನ್ನು ಎಳೆದರೆ ಹೊರಗೆ ರಬ್ಬರ್ ಪಟ್ಟಿ ಗಾಜಿನ ಮೇಲೆ ಆಡುತ್ತಿತ್ತು. ನ್ಯೂಯಾರ್ಕಿನ ಚಳಿಗಾಲದಲ್ಲಿ ಟ್ರಾಮ್ ಚಾಲಕನೊಬ್ಬ ಗಾಜಿನ ಮೇಲಿನ ಹಿಮ ತೆಗೆಯಲು ಪಡುತ್ತಿದ್ದ ಪಾಡು ಆಕೆಗೆ ಈ ಯೋಚನೆ ಕೊಟ್ಟಿತ್ತು. ಆಗಿನ ಕಾರುಗಳಲ್ಲಿ ಹೆಚ್ಚಿನವು ತೆರೆದ ಗಾಡಿಗಳು. ತಯಾರಕರು ಆಸಕ್ತಿ ತೋರಲಿಲ್ಲ. ವೈಪರ್ ಎಲ್ಲ ಕಾರುಗಳಿಗೂ ಬೇಕಾಗುವ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು. ಆಕೆಗೆ ಅದರಿಂದ ಬಿಡಿಗಾಸೂ ಸಿಗಲಿಲ್ಲ ಎಂಬುದು ಈ ಇತಿಹಾಸದ ಒಂದು ಅನ್ಯಾಯ.

ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸಿದಾಗ ಅಲ್ಲಿ ಮೊದಲು ವ್ಯಾಪಕ ಬಳಕೆಗೆ ಬಂದದ್ದು ವಿದ್ಯುತ್ತಲ್ಲ, ಎಂಜಿನ್ನಿನ ಹೀರುವಿಕೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಉಂಟಾಗುವ ನಿರ್ವಾತವನ್ನು ರಬ್ಬರ್ ಕೊಳವೆಯ ಮೂಲಕ ಒಂದು ಪುಟ್ಟ ಪೆಟ್ಟಿಗೆಗೆ ಒಯ್ದರೆ, ಅದರೊಳಗಿನ ರೆಕ್ಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸೆಳೆಯಲ್ಪಡುತ್ತದೆ. ಬಫಲೋ ನಗರದ ಟ್ರೈಕೋ ಕಂಪನಿ ಇಂಥ ಮೋಟರ್‌ಗಳಿಂದಲೇ ಅಮೆರಿಕದ ಮಾರುಕಟ್ಟೆಯನ್ನು ದಶಕಗಳ ಕಾಲ ಹಿಡಿದಿಟ್ಟುಕೊಂಡಿತು. ಇದರ ದೋಷ ಹುಟ್ಟಿನಿಂದಲೇ ಬಂದದ್ದು. ಏರು ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ನಿರ್ವಾತ ಕುಸಿಯುತ್ತದೆ, ವೈಪರ್ ತೆವಳುತ್ತದೆ ಅಥವಾ ನಿಂತೇಹೋಗುತ್ತದೆ; ಕಾಲು ತೆಗೆದ ಕೂಡಲೇ ಪಟಪಟನೆ ಓಡುತ್ತದೆ. ಸುರಿಮಳೆಯಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವ ಕ್ಷಣದಲ್ಲೇ ಗಾಜು ಮಂಜಾಗುವುದು ಸಣ್ಣ ಅಪಾಯವಲ್ಲ. ನಿರ್ವಾತ ಕೂಡಿಡುವ ತೊಟ್ಟಿಯನ್ನೂ, ಪೆಟ್ರೋಲ್ ಪಂಪಿಗೆ ಅಂಟಿಸಿದ ನಿರ್ವಾತ ಪಂಪನ್ನೂ ಸೇರಿಸಿ ತಯಾರಕರು ಇದನ್ನು ತಕ್ಕಮಟ್ಟಿಗೆ ಸರಿಪಡಿಸಿದರು. ಈ ಮೋಟರಿನ ರಿಪೇರಿ ಸರಳ: ಬಿರಿದ ಕೊಳವೆ ಬದಲಿಸುವುದು, ಗಟ್ಟಿಯಾದ ಹಳೆಯ ಗ್ರೀಸ್ ತೊಳೆಯುವುದು, ಒಣಗಿ ಸೋರುವ ರೆಕ್ಕೆಯಂಚನ್ನು ಎಣ್ಣೆಯುಣಿಸಿ ಮೆದುಗೊಳಿಸುವುದು ಅಥವಾ ಹೊಸದು ಹಾಕುವುದು.

ಯೂರೋಪಿನ ದಾರಿ ಬೇರೆಯಾಯಿತು. ಜರ್ಮನಿಯ ಬಾಷ್ 1926ರಲ್ಲಿ ವಿದ್ಯುತ್ ವೈಪರ್ ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನಲ್ಲಿ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯ ಮೋಟರ್‌ಗಳು ಬಹಳಷ್ಟು ಕಾರುಗಳಲ್ಲಿ ಸೇರಿದವು. ಎರಡನೆಯ ಮಹಾಯುದ್ಧದ ನಂತರದ ಲೂಕಾಸ್ ವ್ಯವಸ್ಥೆಯ ಜಾಣತನ ಇರುವುದು ಮೋಟರಿನಲ್ಲಿ ಮಾತ್ರವಲ್ಲ, ಅದು ಶಕ್ತಿಯನ್ನು ಸಾಗಿಸುವ ರೀತಿಯಲ್ಲಿ. ಬಾನೆಟ್ಟಿನ ಕೆಳಗೆ ಅನುಕೂಲವಾದ ಮೂಲೆಯಲ್ಲಿ ಮೋಟರ್ ಕೂರುತ್ತದೆ. ಅದರ ಗಿಯರ್ ಒಂದು ಬಾಗುವ ಉಕ್ಕಿನ ಕೇಬಲನ್ನು ಕೊಳವೆಯೊಳಗೆ ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಕೇಬಲ್ ಮೇಲೆ ಸುರುಳಿಯಾಗಿ ಸುತ್ತಿದ ತಂತಿಯೇ ಹಲ್ಲಿನ ಕೆಲಸ ಮಾಡಿ, ಗಾಜಿನ ಕೆಳಗಿನ ಎರಡು ವ್ಹೀಲ್‌ಬಾಕ್ಸ್‌ಗಳ ಗಿಯರನ್ನು ತಿರುಗಿಸುತ್ತದೆ.

ಈ ಜೋಡಣೆಯಲ್ಲಿ ವೈಪರ್ ನಿಧಾನವಾದರೆ ಮೋಟರನ್ನೇ ದೂರುವುದು ರೂಢಿ. ಬಹುಪಾಲು ಅದು ತಪ್ಪು. ಕೇಬಲನ್ನು ಮೋಟರಿನಿಂದ ಬಿಡಿಸಿ ಮೋಟರನ್ನು ಒಂಟಿಯಾಗಿ ಓಡಿಸಿದರೆ ನಿಜ ತಿಳಿಯುತ್ತದೆ. ಮೋಟರ್ ಸಲೀಸಾಗಿ ತಿರುಗಿದರೆ ತೊಂದರೆ ಕೊಳವೆಯಲ್ಲಿದೆ: ಹತ್ತಾರು ವರ್ಷ ಹಳೆಯ ಗ್ರೀಸ್ ಒಣಗಿ ಮೇಣದಂತೆ ಕಚ್ಚಿಕೊಂಡಿರುತ್ತದೆ. ಕೇಬಲ್ ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ಸವರಿದರೆ ಸಾಕಾಗುತ್ತದೆ. ವ್ಹೀಲ್‌ಬಾಕ್ಸಿನ ಗಿಯರ್ ಪೂರ್ತಿ ಸುತ್ತುವುದೇ ಇಲ್ಲ, ಒಂದು ಕಮಾನಿನಷ್ಟು ಮಾತ್ರ ಆಡುತ್ತದೆ. ಹಾಗಾಗಿ ಹಲ್ಲು ಸವೆಯುವುದು ಒಂದೇ ಬದಿಯಲ್ಲಿ. ಅದನ್ನು 180 ಡಿಗ್ರಿ ತಿರುಗಿಸಿ ಕೂರಿಸಿದರೆ ಸವೆಯದ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಬಿಡಿಭಾಗ ಸಿಗದ ಕಾಲದಲ್ಲಿ ಮೆಕ್ಯಾನಿಕ್‌ಗಳು ಕಂಡುಕೊಂಡ ಇಂಥ ಉಪಾಯಗಳು ಯಾವ ಎಂಜಿನಿಯರಿಂಗ್ ಪಾಠಕ್ಕೂ ಕಡಿಮೆಯಲ್ಲ.

ದೋಷ ಮೋಟರಿನಲ್ಲೇ ಇದ್ದರೆ ಅದರ ವಯಸ್ಸು ಮುಖ್ಯವಾಗುತ್ತದೆ. 1950 ಮತ್ತು 60ರ ದಶಕಗಳ ಲೂಕಾಸ್ ಡಿಆರ್‌2, ಡಿಆರ್‌3ಎ ಮೋಟರ್‌ಗಳಲ್ಲಿ ಕಾಂತಕ್ಷೇತ್ರವನ್ನು ಹುಟ್ಟಿಸುವುದು ತಾಮ್ರದ ಕಾಯಿಲ್. ಸ್ಕ್ರೂ ಬಿಚ್ಚಿದರೆ ಎಲ್ಲ ಭಾಗಗಳೂ ಕೈಗೆ ಬರುತ್ತವೆ. ಸವೆದ ಕಾರ್ಬನ್ ಬ್ರಷ್ ಬದಲಿಸಬಹುದು, ಬ್ರಷ್ ತಾಗುವ ಕಮ್ಯುಟೇಟರ್ ಕಪ್ಪಾಗಿದ್ದರೆ ಅದನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಬಹುದು, ತಂತಿ ಸುತ್ತಿದ ತಿರುಗುವ ಭಾಗವಾದ ಆರ್ಮೇಚರ್ ಸುಟ್ಟಿದ್ದರೆ ಅದನ್ನು ವೈಂಡಿಂಗ್ ಅಂಗಡಿಯಲ್ಲಿ ಮತ್ತೆ ಸುತ್ತಿಸಬಹುದು. 1960ರ ದಶಕದ ಕೊನೆಯಲ್ಲಿ ಬಂದ 14ಡಬ್ಲ್ಯೂ ಮಾದರಿಯಲ್ಲಿ ಕಾಯಿಲ್ ಜಾಗಕ್ಕೆ ಶಾಶ್ವತ ಕಾಂತ ಬಂತು. ಎರಡು ವೇಗದ ಮೋಟರಿನಲ್ಲಿ ಮೂರನೆಯ ಬ್ರಷ್ ಹೆಚ್ಚಿನ ವೇಗ ಕೊಡುತ್ತದೆ.

ಹಳೆಯದರ ಜಾಗಕ್ಕೆ ಹೊಸ ಮಾದರಿ ಕೂರಿಸುವವರು ಎಡವುವುದು ಇಲ್ಲೇ. 1960ರ ದಶಕದ ನಡುವಿನವರೆಗೆ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಲಾಗುತ್ತಿತ್ತು. ಕಾಯಿಲ್ ಮೋಟರಿಗೆ ಇದರಿಂದ ವ್ಯತ್ಯಾಸವಿಲ್ಲ: ಧ್ರುವ ಬದಲಾದರೆ ಕಾಯಿಲ್ ಮತ್ತು ಆರ್ಮೇಚರ್ ಎರಡರಲ್ಲೂ ವಿದ್ಯುತ್ ತಿರುಗುಮುರುಗಾಗಿ, ತಿರುಗುವ ದಿಕ್ಕು ಅದೇ ಉಳಿಯುತ್ತದೆ. ಶಾಶ್ವತ ಕಾಂತದ ಮೋಟರ್ ಮಾತ್ರ ಉಲ್ಟಾ ತಿರುಗುತ್ತದೆ. ಒಳಗಿನ ದೊಡ್ಡ ಗಿಯರನ್ನೂ ನೋಡಬೇಕು. ವೈಪರ್ ಎಷ್ಟು ಅಗಲಕ್ಕೆ ಬೀಸಬೇಕೆಂಬ ಕೋನವನ್ನು ಅದರ ಮೇಲೇ ಅಚ್ಚೊತ್ತಿರುತ್ತಾರೆ. ಬೇರೆ ಕಾರಿನ ಗಿಯರ್ ಹಾಕಿದರೆ ವೈಪರಿನ ಕಡ್ಡಿ ಗಾಜಿನ ಚೌಕಟ್ಟಿಗೆ ಬಡಿಯಬಹುದು. ಸ್ವಿಚ್ ಆರಿಸಿದಾಗ ಕಡ್ಡಿ ಗಾಜಿನ ನಡುವೆ ನಿಂತರೆ, ಅದನ್ನು ಗಾಜಿನ ಅಂಚಿಗೆ ತಂದು ನಿಲ್ಲಿಸುವ, ಗಿಯರ್‌ಬಾಕ್ಸಿಗೆ ಹೊಂದಿಕೊಂಡ ಪಾರ್ಕ್ ಸ್ವಿಚ್ಚನ್ನು ಪರೀಕ್ಷಿಸಬೇಕು.

ಭಾರತಕ್ಕೆ ಈ ಪರಂಪರೆ ಬ್ರಿಟಿಷ್ ವಿನ್ಯಾಸದ ಕಾರುಗಳ ಜೊತೆಗೇ ಬಂತು. ಮೋರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಅಂಬಾಸಡರ್ ಮತ್ತು ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇದಕ್ಕೆ ಉದಾಹರಣೆ. 1961ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಲೂಕಾಸ್-ಟಿವಿಎಸ್ ಇಲ್ಲಿನ ವಾಹನಗಳಿಗೆ ವಿದ್ಯುತ್ ಉಪಕರಣಗಳನ್ನು ತಯಾರಿಸತೊಡಗಿತು. ಅಂಬಾಸಡರ್ ತಯಾರಿಕೆ 2014ರವರೆಗೆ ನಡೆದದ್ದರಿಂದ ಅದರ ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿ ಬಹುಕಾಲ ಉಳಿದವು. ಅಮೆರಿಕದ ಹಳೆಯ ಕಾರುಗಳನ್ನು ಉಳಿಸಿಕೊಂಡವರಿಗೆ ಮಾತ್ರ ಈ ಅನುಕೂಲವಿಲ್ಲ. ನಿರ್ವಾತ ಮೋಟರಿನ ಬದಲು ವಿದ್ಯುತ್ ಮೋಟರ್ ಅಳವಡಿಸುವ ಕಿಟ್‌ಗಳನ್ನು ಕೆಲವರು ಆರಿಸಿಕೊಳ್ಳುತ್ತಾರೆ. ಮಳೆಯಲ್ಲಿ ಓಡಿಸುವ ಕಾರಿಗೆ ಅದು ಸರಿಯಾದ ಆಯ್ಕೆಯೇ. ಪ್ರದರ್ಶನದ ಕಾರಿನಲ್ಲಿ ಮೂಲ ಮೋಟರನ್ನೇ ದುರಸ್ತಿ ಮಾಡಿ ಇಡುವುದು ಒಳ್ಳೆಯದು.