ಲಾರಿ ಲೈಸೆನ್ಸ್‌ಗೆ ಆರ್‌ಟಿಒ ಟೆಸ್ಟ್ ಬೇಡವೇ? ಹೆವಿ ಡ್ರೈವಿಂಗ್ ಕಲಿಯುವ ಮುನ್ನ ತಿಳಿಯಬೇಕಾದ್ದು

‘ಇನ್ನು ಆರ್‌ಟಿಒಗೆ ಹೋಗಬೇಕಿಲ್ಲ, ಡ್ರೈವಿಂಗ್ ಸ್ಕೂಲ್ ಕೊಡುವ ಸರ್ಟಿಫಿಕೇಟ್ ಇದ್ದರೆ ಲೈಸೆನ್ಸ್ ಸಿಗುತ್ತದೆ, 2024ರ ಜೂನ್ 1ರಿಂದ ಹೊಸ ನಿಯಮ’ ಎಂಬ ಅರ್ಥದ ಸಂದೇಶಗಳು ದೇಶದೆಲ್ಲೆಡೆ ಹರಿದಾಡಿದ್ದವು. ಇದರ ಜೊತೆಗೆ ಲಾರಿ ಲೈಸೆನ್ಸ್ ಬಗ್ಗೆ ಹಳೆಯ ತಪ್ಪು ತಿಳಿವಳಿಕೆಗಳೂ ಸಾಕಷ್ಟಿವೆ. ಲಾರಿ ಓಡಿಸಿ ಬದುಕು ಕಟ್ಟಿಕೊಳ್ಳಬೇಕು ಎಂದುಕೊಂಡವರು ಇಂಥ ಮಾತು ನಂಬಿ ದುಡ್ಡು ಕಳೆದುಕೊಳ್ಳಬಾರದು. ಒಂದೊಂದಾಗಿ ನೋಡೋಣ.

ಹೇಳಿಕೆ 1: ಆರ್‌ಟಿಒ ಟೆಸ್ಟ್ ರದ್ದಾಗಿದೆ

ಇದು ಅರ್ಧ ಸತ್ಯ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಜಾರಿಗೆ ಬಂದದ್ದು 2021ರ ಜುಲೈ 1ರಂದು. ಅಲ್ಲಿ ಪೂರ್ಣ ತರಬೇತಿ ಪಡೆದು, ಅಲ್ಲಿನ ಪರೀಕ್ಷೆಯಲ್ಲೇ ಪಾಸಾದವರಿಗೆ ಮಾತ್ರ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಭಾರಿ ವಾಹನಗಳಿಗೆ ಈ ತರಬೇತಿ 6 ವಾರಗಳಲ್ಲಿ 38 ಗಂಟೆ. ಇಂಥ ಕೇಂದ್ರಕ್ಕೆ ಟೆಸ್ಟ್ ಟ್ರ್ಯಾಕ್, ಸಿಮ್ಯುಲೇಟರ್ ಎಲ್ಲ ಇರಬೇಕು. ನಿಮ್ಮ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಸಾಮಾನ್ಯ ಡ್ರೈವಿಂಗ್ ಸ್ಕೂಲ್‌ಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. 2024ರ ಜೂನ್‌ನಲ್ಲಿ ನಿಯಮ ಬದಲಾಗುತ್ತಿಲ್ಲ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ ಆಗ ಸ್ಪಷ್ಟಪಡಿಸಿತ್ತು.

ಹೇಳಿಕೆ 2: 18 ತುಂಬಿದರೆ ನೇರವಾಗಿ ಹೆವಿ ಲೈಸೆನ್ಸ್

ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅದಕ್ಕೆ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್, ಸಿಗಬೇಕಾದರೂ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು. ಅಂದರೆ ಕಾರು ಮೊದಲು, ಲಾರಿ ಆಮೇಲೆ. ಬೈಕ್ ಲೈಸೆನ್ಸ್ ಮಾತ್ರ ಇದ್ದರೆ ಸಾಲದು.

ಹೇಳಿಕೆ 3: ಎಂಟನೇ ಕ್ಲಾಸ್ ಪಾಸಾಗಿರಲೇಬೇಕು

ಇದು ಹಳೆಯ ನಿಯಮ. 2019ರಲ್ಲಿ ಕೇಂದ್ರ ಸರ್ಕಾರ ಈ ಶರತ್ತನ್ನು ತೆಗೆದುಹಾಕಿದೆ. ಓದು ಅರ್ಧಕ್ಕೆ ಬಿಟ್ಟು ಕ್ಲೀನರ್ ಆಗಿ ಲಾರಿ ಹತ್ತಿದ ಎಷ್ಟೋ ಯುವಕರಿಗೆ ಇದರಿಂದ ದಾರಿ ತೆರೆದಿದೆ. ಹಳೆಯ ನಿಯಮ ಹೇಳಿ, ‘ಮಾರ್ಕ್ಸ್‌ಕಾರ್ಡ್ ಮಾಡಿಸಿಕೊಡ್ತೀನಿ’ ಎಂದು ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. ಆದರೆ ಕೆಲಸ ಕೊಡುವ ಸಂಸ್ಥೆ ತನ್ನದೇ ವಿದ್ಯಾರ್ಹತೆ ಕೇಳಬಹುದು. ಅದು ಬೇರೆ ವಿಷಯ.

ಹೇಳಿಕೆ 4: ಕನ್ನಡಕ ಇದ್ದರೆ ಲೈಸೆನ್ಸ್ ಸಿಗಲ್ಲ

ಸುಳ್ಳು. ಸಾರಿಗೆ ವಾಹನದ ಅರ್ಜಿಗೆ ವೈದ್ಯರು ಸಹಿ ಮಾಡಿದ ಫಾರ್ಮ್ 1ಎ ಬೇಕು. ದೃಷ್ಟಿದೋಷವಿದ್ದರೆ ಅದು ಕನ್ನಡಕದಿಂದ ಸರಿಯಾಗಿದೆಯೇ ಎಂದು ಆ ಫಾರ್ಮೇ ಕೇಳುತ್ತದೆ. ಹಾಗಾಗಿ ಕನ್ನಡಕ ಹಾಕಿಕೊಂಡೇ ಪರೀಕ್ಷೆಗೆ ಹೋಗಿ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಲೈಸೆನ್ಸ್ ಕೊಡಲು 2020ರ ಜೂನ್‌ನಲ್ಲಿ ಅವಕಾಶ ಕಲ್ಪಿಸಲಾಗಿದೆ. ಇರುಳುಗಣ್ಣು, ಮೂರ್ಛೆ, ತಲೆಸುತ್ತು ಇದ್ದರೆ ಮುಚ್ಚಿಡಬೇಡಿ. ಕೈಯಲ್ಲಿ ಹಲವು ಟನ್ ಭಾರ ಇರುತ್ತದೆ ಎಂಬುದು ನೆನಪಿರಲಿ.

ಹೇಳಿಕೆ 5: ಎಲ್‌ಎಲ್ ಬಂತು, ಇನ್ನು ಲೋಡ್ ಹೊಡೆಯಬಹುದು

ಅಪಾಯಕಾರಿ ಸುಳ್ಳು. ಎಲ್‌ಎಲ್ ಇರುವುದು ಕಲಿಯಲು ಮಾತ್ರ. ಆ ವಾಹನಕ್ಕೆ ಲೈಸೆನ್ಸ್ ಇರುವ ವ್ಯಕ್ತಿ ಪಕ್ಕದಲ್ಲಿ, ಬೇಕಾದಾಗ ವಾಹನ ನಿಲ್ಲಿಸುವಂತೆ ಕುಳಿತಿರಬೇಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಇರಬೇಕು.

ಹಾಗಾದರೆ ಕ್ರಮ ಏನು?

• ಸಾರಥಿ ಪರಿವಾಹನ್ ವೆಬ್‌ಸೈಟಿನಲ್ಲಿ, ಫಾರ್ಮ್ 1ಎ ಮತ್ತು ಈಗಿನ ಲೈಸೆನ್ಸ್ ವಿವರದೊಂದಿಗೆ ಎಲ್‌ಎಲ್‌ಗೆ ಅರ್ಜಿ ಹಾಕಿ.
• ಎಲ್‌ಎಲ್ 6 ತಿಂಗಳು ಊರ್ಜಿತ. ಸಿಕ್ಕಿ 30 ದಿನ ಆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು.
• ಸಾಮಾನ್ಯ ಡ್ರೈವಿಂಗ್ ಸ್ಕೂಲ್‌ನಲ್ಲಿ ಭಾರಿ ವಾಹನ ತರಬೇತಿ ಕನಿಷ್ಠ 30 ದಿನ. ಅದರಲ್ಲಿ ನೀವೇ ಸ್ಟೀರಿಂಗ್ ಹಿಡಿದು ಓಡಿಸುವುದು ಕನಿಷ್ಠ 15 ಗಂಟೆ.
• ತರಬೇತಿ ಮುಗಿದ ಮೇಲೆ ಸ್ಕೂಲ್ ಫಾರ್ಮ್ 5 ಕೊಡುತ್ತದೆ. ಸಾರಿಗೆ ವಾಹನದ ಲೈಸೆನ್ಸ್‌ಗೆ ಇದು ಕಡ್ಡಾಯ. ಕ್ಲೀನರ್ ಆಗಿ ಹತ್ತು ವರ್ಷ ಅನುಭವ ಇದ್ದರೂ ಇದು ಬೇಕು.
• ಲೈಸೆನ್ಸ್ ಸಿಕ್ಕರೆ 5 ವರ್ಷ ಊರ್ಜಿತ. ಪೆಟ್ರೋಲ್, ಗ್ಯಾಸ್‌ನಂಥ ಅಪಾಯಕಾರಿ ಸರಕು ಸಾಗಿಸಲು ಪ್ರತ್ಯೇಕ ತರಬೇತಿ ಬೇಕು.

ಸ್ಕೂಲ್ ಸೇರುವ ಮುನ್ನ ಎರಡು ಪ್ರಶ್ನೆ ಕೇಳಿ: ‘ನಾನೇ ಎಷ್ಟು ಗಂಟೆ ಓಡಿಸ್ತೀನಿ?’, ‘ಟೆಸ್ಟ್‌ಗೆ ವಾಹನ ನೀವೇ ತರ್ತೀರಾ?’ ಉತ್ತರ ತಡವರಿಸಿದರೆ ಬೇರೆ ಸ್ಕೂಲ್ ನೋಡಿ.

ಚಿಕ್ಕ ಗೂಡ್ಸ್ ಗಾಡಿ ಸಾಕು ಎನ್ನುವವರಿಗೆ

ಲೋಡ್ ಸೇರಿ ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಲಘು ವಾಹನ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕ ನೋಡಿಕೊಳ್ಳಿ.

ಹೇಳಿಕೆ 6: ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿತಾಯ

ಈ ಸಲಹೆ ಜೀವ ತೆಗೆಯಬಲ್ಲದು. ಗೇರ್‌ನಲ್ಲಿದ್ದಾಗ ಎಂಜಿನ್ ತಾನೇ ಲಾರಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಹಾಕಿದರೆ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಶಿರಾಡಿ, ಅರಬೈಲಿನಂಥ ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಡಿತ ಕಡಿಮೆಯಾಗುತ್ತದೆ, ಟ್ಯಾಂಕಿನ ಗಾಳಿಯೂ ಇಳಿಯುತ್ತದೆ.

ಉಳಿತಾಯದ ಲೆಕ್ಕವೂ ತಪ್ಪು. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಉರಿಯುತ್ತಲೇ ಇರಬೇಕು. ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಗೇರ್‌ಗೆ ಬನ್ನಿ, ಎಕ್ಸಾಸ್ಟ್ ಬ್ರೇಕ್ ಬಳಸಿ. ಏರ್ ಬ್ರೇಕ್ ಗಾಡಿಯಲ್ಲಿ ಗಾಳಿಯ ಒತ್ತಡ ತುಂಬಿ ಎಚ್ಚರಿಕೆ ದೀಪ ಆರುವವರೆಗೆ ಹೊರಡಬೇಡಿ. ಇವೆರಡನ್ನು ಹೇಳಿಕೊಡದ ತರಬೇತಿ ತರಬೇತಿಯೇ ಅಲ್ಲ.

‘ಡೈರೆಕ್ಟ್ ಲೈಸೆನ್ಸ್’ ತಗೊಂಡರೆ ಏನಾಗುತ್ತದೆ?

ಲೈಸೆನ್ಸ್ ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ 3 ತಿಂಗಳವರೆಗೆ ಜೈಲು ಅಥವಾ 5,000 ರೂ. ದಂಡ, ಇಲ್ಲವೇ ಎರಡೂ ಇವೆ. ಅದಕ್ಕಿಂತ ದೊಡ್ಡ ಹೊಡೆತ ವಿಮೆಯದ್ದು. ಚಾಲಕನ ಲೈಸೆನ್ಸ್ ಸರಿಯಿಲ್ಲದಿದ್ದರೆ, ವಿಮಾ ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡುವಂತೆ ನ್ಯಾಯಾಲಯ ಹೇಳಬಹುದು. ಲಕ್ಷಗಟ್ಟಲೆ ಪರಿಹಾರ ಕಟ್ಟಲು ಲಾರಿ, ಜಮೀನು ಮಾರುವ ಸ್ಥಿತಿ ಬರಬಹುದು.

ಕೈಗೆ ಕಾರ್ಡ್ ಬಂದ ಮೇಲೆ ಲೈಸೆನ್ಸ್ ನಂಬರ್ ಮತ್ತು ಜನ್ಮದಿನಾಂಕ ಹಾಕಿ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿ. ಸಾರಿಗೆ ವಾಹನದ ವರ್ಗ ಮತ್ತು ಅವಧಿ ಅಲ್ಲಿ ಕಾಣದಿದ್ದರೆ ಆ ಕಾರ್ಡ್ ನಂಬಿ ಲಾರಿ ಹತ್ತಬೇಡಿ.

ಒಟ್ಟಿನಲ್ಲಿ: ಟೆಸ್ಟ್ ರದ್ದಾಗಿದೆ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. 20 ವರ್ಷ, ಒಂದು ವರ್ಷ ಹಳೆಯ ಲಘು ವಾಹನ ಲೈಸೆನ್ಸ್, ಫಾರ್ಮ್ 1ಎ, ಫಾರ್ಮ್ 5 ಇಷ್ಟು ಇದ್ದರೆ ದಾರಿ ನೇರವಾಗಿದೆ. ಲಾರಿ ಕಲಿಯಲು ಹೊರಟ ತಮ್ಮನೋ ಗೆಳೆಯನೋ ಇದ್ದರೆ ಅವರಿಗೆ ಇದನ್ನು ಕಳಿಸಿ.