ಕಲ್ಲಿಲ್ಲದ ಊರಿನ ರಸ್ತೆಗಳು

ಬಂಗಾಳಿಯಲ್ಲಿ ಒಂದು ಗಾದೆಯಿದೆ. ಇಟ್ಟಿಗೆ ಎಸೆದವನು ಇಟ್ಟಿಗೆ ಚೂರಿನ ಏಟು ತಿನ್ನಲೇಬೇಕು ಅಂತ. ನಮ್ಮ ಕಡೆ ಜಗಳಕ್ಕೂ ಕಲ್ಲು, ಮಾವಿನಕಾಯಿ ಉದುರಿಸುವುದಕ್ಕೂ ಕಲ್ಲು, ಗಾಜಿನ ಮನೆಯವರಿಗೆ ಹೇಳುವ ಬುದ್ಧಿಮಾತಿನಲ್ಲೂ ಕಲ್ಲು. ಕೋಲ್ಕತ್ತದ ಗಾದೆಗೆ ಇಟ್ಟಿಗೆ ಬಂದದ್ದು ಅಲಂಕಾರಕ್ಕಲ್ಲ. ಇಲ್ಲಿ ಎಸೆಯಲು ಬೇರೇನೂ ಇರಲಿಲ್ಲ.

ಇದನ್ನು ಬ್ರಿಟಿಷರು ಖರ್ಚು ಮಾಡಿಯೇ ತಿಳಿದುಕೊಂಡರು. 1835ರಲ್ಲಿ ಫೋರ್ಟ್ ವಿಲಿಯಂ ಕೋಟೆಯೊಳಗೆ ಒಳ್ಳೆಯ ನೀರು ಹುಡುಕಿ ಕೊಳವೆ ಇಳಿಸಲು ಶುರುಮಾಡಿ 1840ರವರೆಗೂ ಕೊರೆದರು. 481 ಅಡಿ ಹೋದರೂ ಬಂಡೆಯ ತಳ ಸಿಗಲಿಲ್ಲ. ಜೇಡಿ, ಮರಳು, ಮತ್ತೆ ಜೇಡಿ, ನಡುವೆ ಕೊಳೆತ ಮರದ ಕಪ್ಪು ಪದರ. ಎಂದೋ ಇದ್ದ ಜೌಗು ಕಾಡು ಊರಿನ ಕೆಳಗೆ ಮಲಗಿತ್ತು. ನಮ್ಮ ಬೆಂಗಳೂರಿನಲ್ಲಿ ಪಾಯ ತೋಡುವಾಗ ಬಂಡೆ ಅಡ್ಡ ಬಂತೆಂದು ಗೊಣಗುತ್ತಾರೆ. ಇಲ್ಲಿನ ಎಂಜಿನಿಯರಿಗೆ ಅಂಥ ಅಡ್ಡಿ ಕನಸಿನಲ್ಲೂ ಬರುವುದಿಲ್ಲ.

ಹಾಗಾದರೆ ರಸ್ತೆ ಮಾಡಿದ್ದು ಹೇಗೆ? ಮಣ್ಣನ್ನೇ ಕಲ್ಲು ಮಾಡಿ. ಜೇಡಿಮಣ್ಣನ್ನು ಇಟ್ಟಿಗೆಯಾಗಿ ಸುಟ್ಟು, ಇಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದು ಜಲ್ಲಿ ಮಾಡಿದರು. ಅದಕ್ಕೆ ಇಲ್ಲಿನ ಹೆಸರು ಖೋವಾ. (ಸಿಹಿತಿಂಡಿಯ ಖೋವಾ ಅಲ್ಲ. ಹೊಸದಾಗಿ ಬಂದವರಿಗೆ ಈ ಎಚ್ಚರಿಕೆ ಅಗತ್ಯ.) ಗೂಡಿನಲ್ಲಿ ಬೆಂಕಿ ಹೆಚ್ಚಾಗಿ ಕರಗಿ ಕಪ್ಪಾದ, ಸೊಟ್ಟಗಾದ ಇಟ್ಟಿಗೆಗೆ ಝಾಮಾ ಎನ್ನುತ್ತಾರೆ. ಗೋಡೆಗೆ ಬಾರದ ಆ ಇಟ್ಟಿಗೆಯೇ ರಸ್ತೆಗೆ ಶ್ರೇಷ್ಠ, ಏಕೆಂದರೆ ಅದು ನೀರು ಕುಡಿಯುವುದಿಲ್ಲ. ಮರಾಠರ ದಾಳಿಗೆ ಹೆದರಿ 1742ರಲ್ಲಿ ತೋಡಿದ್ದ ಕಂದಕವನ್ನು ಮುಚ್ಚಿಕೊಂಡು 1799ರಲ್ಲಿ ಬಂದ ಸರ್ಕ್ಯುಲರ್ ರಸ್ತೆಯನ್ನು ಊರಿನ ಮೊದಲ ಗಟ್ಟಿ ರಸ್ತೆ ಎನ್ನುತ್ತಾರೆ. ಅದಕ್ಕೆ ಹಾಸಿದ್ದು ಖೋವಾ. 1817ರಿಂದ ಲಾಟರಿ ಮಾರಿ ಬಂದ ಹಣದಲ್ಲಿ ಲಾಟರಿ ಕಮಿಟಿ ಇನ್ನಷ್ಟು ರಸ್ತೆಗಳನ್ನು ಮಾಡಿಸಿತು. ಕಾಲೇಜ್ ಸ್ಟ್ರೀಟ್, ಹೂಗ್ಲಿ ದಡದ ಸ್ಟ್ರಾಂಡ್ ರೋಡ್ ಆ ಕಾಲದವು.

ಖೋವಾ ಒಡೆಯುವಾಗ ಉಳಿಯುವ ಕೆಂಪು ಪುಡಿಯೂ ವ್ಯರ್ಥವಾಗುತ್ತಿರಲಿಲ್ಲ. ಅದನ್ನು ನುಣ್ಣಗೆ ಅರೆದು ಸುಣ್ಣದೊಡನೆ ಕಲಸಿದರೆ ಸುರ್ಕಿ ಗಾರೆ. ನಮಗಿದು ಹೊಸ ಪದವೇನಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುರ್ಕಿ. ವ್ಯತ್ಯಾಸ ಇಷ್ಟೇ: ಕನ್ನಂಬಾಡಿಯಲ್ಲಿ ಹಿಡಿದಿಡಲು ಕಲ್ಲಿತ್ತು. ಕಲ್ಕತ್ತೆಯಲ್ಲಿ ಸುಣ್ಣ ಕೂಡ ದೋಣಿಯಲ್ಲಿ ಬರಬೇಕಿತ್ತು. ಖಾಸಿ ಗುಡ್ಡಗಳ ಸುಣ್ಣಕಲ್ಲು ಸಿಲ್ಹೆಟ್ಟಿನಲ್ಲಿ ಬೆಂದು, ನದಿಗಳ ಮೇಲೆ ತೇಲಿ ಇಲ್ಲಿಗೆ ತಲುಪುತ್ತಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸಿಲ್ಹೆಟ್ಟಿನ ಕಲೆಕ್ಟರನಾಗಿದ್ದ ರಾಬರ್ಟ್ ಲಿಂಡ್ಸೆ ಸರ್ಕಾರಿ ಹುದ್ದೆಯ ಜೊತೆಗೇ ಸುಣ್ಣದ ವ್ಯಾಪಾರ ನಡೆಸಿ ಶ್ರೀಮಂತನಾದ.

ಈಗ ಸ್ವಲ್ಪ ರಸಾಯನಶಾಸ್ತ್ರ. ಪ್ರಾಜೆಕ್ಟ್ ಪ್ಲಾನುಗಳಲ್ಲೇ ದಿನ ಕಳೆಯುವವನಾದರೂ ಎಂಟೆಕ್ ಓದಿದವನ ಚಪಲ ಬಿಡುವುದಿಲ್ಲ. ಜೇಡಿಯ ಕಣ ತೆಳು ಹಾಳೆಯಂಥದ್ದು. ಹಾಳೆಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಜಾರುತ್ತದೆ. ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿದು ಮಳೆಗಾಲದಲ್ಲಿ ಚಪ್ಪಲಿ ಕಸಿದುಕೊಳ್ಳುವುದು ಇದೇ ಗುಣದಿಂದ. ಈ ಹಸಿ ಮಣ್ಣಿಗೆ ನೂರಕ್ಕೆ ನಾಲ್ಕೈದು ಪಾಲು ಸುಣ್ಣ ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಕ್ಯಾಲ್ಸಿಯಂ ಹೋಗಿ ಕಣಗಳನ್ನು ಗುಂಪುಗೂಡಿಸುತ್ತದೆ. ಅಂಟು ಹೋಗಿ ಮಣ್ಣು ರವೆಯಂತಾಗುತ್ತದೆ. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಇನ್ನೊಂದು ಕೆಲಸ ನಡೆಯುತ್ತದೆ. ಸುಣ್ಣದ ಕ್ಷಾರಕ್ಕೆ ಜೇಡಿಯೊಳಗಿನ ಸಿಲಿಕಾ, ಅಲ್ಯುಮಿನಾ ಕರಗಿ ಸುಣ್ಣದೊಡನೆ ಸೇರಿ ಸಿಮೆಂಟಿನಂಥ ಬಂಧ ಹುಟ್ಟುತ್ತದೆ. ಸುರ್ಕಿಯಲ್ಲಿ ಆಗುವುದೂ ಇದೇ. ಅಲ್ಲಿ ಗೂಡಿನ ಬೆಂಕಿ ಜೇಡಿಯನ್ನು ಮೊದಲೇ ಸಡಿಲ ಮಾಡಿಟ್ಟಿರುವುದರಿಂದ ಕೆಲಸ ಬೇಗ ಆಗುತ್ತದೆ. ಅಂದರೆ ಮಣ್ಣಿನ ಸ್ಥಿರೀಕರಣ ಎಂದು ಪಠ್ಯಪುಸ್ತಕಗಳು ಕರೆಯುವುದು, ಸುರ್ಕಿಯಿಂದ ಗೂಡನ್ನು ಕಳೆದರೆ ಉಳಿಯುವ ವಿದ್ಯೆ.

ಇಲ್ಲೊಂದು ತೊಡಕಿದೆ. ಕೊಳೆತ ಸೊಪ್ಪುಸದೆ ಹೆಚ್ಚಿರುವ ಮಣ್ಣು ಸುಣ್ಣವನ್ನು ತಾನೇ ನುಂಗಿಬಿಡುತ್ತದೆ. ಆ ಜೌಗು ಕಾಡಿನ ಕಪ್ಪು ಮಣ್ಣಿಗೆ ಸುಣ್ಣದ ಮದ್ದು ಅಷ್ಟಾಗಿ ಹಿಡಿಯುವುದಿಲ್ಲ. ಸೆಕ್ಟರ್ ಫೈವ್ ಆಫೀಸುಗಳಿರುವ ಸಾಲ್ಟ್ ಲೇಕಿನಲ್ಲಿ ಅದಕ್ಕೇ ಬೇರೆ ದಾರಿ ಹಿಡಿದರು. ಬಿಧಾನಚಂದ್ರ ರಾಯ್ ಮುಖ್ಯಮಂತ್ರಿಯಾಗಿದ್ದಾಗ, 1962ರಲ್ಲಿ, ಯುಗೊಸ್ಲಾವಿಯಾದ ಕಂಪನಿಯೊಂದು ಹೂಗ್ಲಿಯ ತಳದ ಹೂಳನ್ನು ನೀರಿನೊಡನೆ ಕಲಸಿ ಕೊಳವೆಯಲ್ಲಿ ತಂದು ಜೌಗಿನ ಮೇಲೆ ಸುರಿಯತೊಡಗಿತು. ನಾವು ಅಲ್ಲಿ ಬೀದಿಬದಿಯ ಚಹಾ ಕುಡಿಯುವಾಗ ನಿಂತಿರುವುದು ನದಿಯ ಮೇಲೆ ಎಂದರೆ ಪೂರ್ತಿ ಸುಳ್ಳಲ್ಲ.

ಸುಣ್ಣ, ಸುರ್ಕಿಗಿಂತ ನನಗೆ ಹೆಚ್ಚು ಪ್ರಿಯವಾದದ್ದು ಸೆಣಬಿನ ಕಥೆ. 1920ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ರಸ್ತೆಯೊಳಗೆ ಸೆಣಬಿನ ಬಟ್ಟೆ ಹಾಸಿ ನೋಡಿದ್ದರು. 1934ರಲ್ಲಿ ಅದೇ ಪ್ರಯೋಗ ಕಲ್ಕತ್ತೆಯ ಸ್ಟ್ರಾಂಡ್ ರೋಡಿನಲ್ಲಿ ನಡೆಯಿತು. ಬಟ್ಟೆ ಮಾಡುವ ಕೆಲಸ ಸರಳ: ಕೆಳಗಿನ ಕೆಸರು ಮೇಲಿನ ಜಲ್ಲಿಯೊಳಗೆ ಏರದಂತೆ, ಜಲ್ಲಿ ಕೆಸರಿನೊಳಗೆ ಇಳಿಯದಂತೆ ತಡೆಯುವುದು, ನೀರನ್ನು ಮಾತ್ರ ಬಿಡುವುದು. ಹತ್ತು ವರ್ಷದ ನಂತರ ಬರ್ಮಾ ಯುದ್ಧದಲ್ಲಿ ಸೆಣಬಿಗೆ ನಿಜವಾದ ಪರೀಕ್ಷೆ ಬಂತು. ತಾಮುವಿನಿಂದ ಕಲೇವಾ ಕಡೆಗೆ ಸೈನ್ಯ ಸಾಗಬೇಕಿದ್ದ ಹಾದಿಯಲ್ಲಿ ಮಳೆಗೆ ಎಲ್ಲವೂ ಕೆಸರು. ಹದಿನಾಲ್ಕನೇ ಸೇನೆಯ ಎಂಜಿನಿಯರರು ಮಣ್ಣನ್ನು ಸಮಮಾಡಿ ಒತ್ತಿ, ಡಾಂಬರಿನಲ್ಲಿ ಅದ್ದಿದ ಗೋಣಿಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಅಂಚಿನ ಮೇಲೆ ಅಂಚು ಬರುವಂತೆ ಹಾಸಿದರು. ನೂರಕ್ಕೂ ಹೆಚ್ಚು ಮೈಲಿ. ಅದಕ್ಕೆ ಬಿಥೆಸ್ ಎಂದು ಹೆಸರು. ಅರಾಕಾನಿನಲ್ಲಿ ಕಲ್ಲಿಲ್ಲದೆ ಕಂಗೆಟ್ಟಾಗ ಅದೇ ಸೇನೆ ದಾರಿಯುದ್ದಕ್ಕೂ ಇಟ್ಟಿಗೆ ಗೂಡುಗಳನ್ನೇ ಹೂಡಿತು. ಸೇನಾಪತಿ ವಿಲಿಯಂ ಸ್ಲಿಮ್ ತನ್ನ ಯುದ್ಧಸ್ಮರಣೆಯಲ್ಲಿ ಇವೆರಡನ್ನೂ ಬರೆದಿದ್ದಾನೆ. ಗೆದ್ದ ಸೇನಾಪತಿಗಳು ರಸ್ತೆಯ ಬಗ್ಗೆ ಇಷ್ಟು ಬರೆಯುವುದು ಅಪರೂಪ. ಓದುವಾಗ ನನಗನ್ನಿಸಿದ್ದು, ಇದು ಬಂಗಾಳದ ಹಳೆಯ ಜಾಣ್ಮೆಯೇ ಸಮವಸ್ತ್ರ ತೊಟ್ಟು ಹೊರಟದ್ದು ಎಂದು.

ಇಷ್ಟೆಲ್ಲ ಬಲ್ಲ ಊರು ಆಮೇಲೆ ಕಲ್ಲಿಗೆ ಒಲಿಯಿತು. 1860ರ ಹೊತ್ತಿಗೆ ರೈಲು ರಾಜಮಹಲ್ ಮುಟ್ಟಿತ್ತು. ಆ ಬೆಟ್ಟಗಳ ಕಪ್ಪು ಬಸಾಲ್ಟ್, ಇಂದಿನ ಜಾರ್ಖಂಡಿನ ಪಾಕುಡದಿಂದ, ಬಂಗಾಳದ್ದೇ ಆದ ಬೀರಭೂಮದಿಂದ ಜಲ್ಲಿಯಾಗಿ ಬರತೊಡಗಿತು. ಮಣ್ಣಿನ ವಿದ್ಯೆ ಸತ್ತಿತೆಂದಲ್ಲ. ಪಂಜಾಬಿನ ಎಂಜಿನಿಯರ್ ಎಸ್. ಆರ್. ಮೆಹ್ರಾ ಇಟ್ಟಿಗೆ ಜಲ್ಲಿ ಬೆರೆಸಿದ ಅಗ್ಗದ ಮಣ್ಣಿನ ರಸ್ತೆಗೆ ಒಂದು ವಿಧಾನ ರೂಪಿಸಿದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1967ರಲ್ಲಿ ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ಅಂಥ ರಸ್ತೆ ಮಾಡುವ ನಿಯಮಾವಳಿ ತಂದಿತು, ಮುಂದೆ ಸುಣ್ಣಕ್ಕೂ ತಂದಿತು. ಆದರೆ ಪುಸ್ತಕದಲ್ಲಿರುವುದು ಬೇರೆ, ಟೆಂಡರಿನಲ್ಲಿ ಬರುವುದು ಬೇರೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಮೀಟರ್ ಹಳ್ಳಿ ರಸ್ತೆ, ಅಗಲ 3.75 ಮೀಟರ್. ಅದರ ತಳದ 15 ಸೆಂಟಿಮೀಟರ್ ಪದರಕ್ಕೆ ಜಲ್ಲಿ ಹಾಕಿದರೆ ಸುಮಾರು 560 ಘನ ಮೀಟರ್, ತೂಕದಲ್ಲಿ 1200 ಟನ್ ಆಸುಪಾಸು. ಹತ್ತು ಟನ್ನಿನ ಲಾರಿಯಲ್ಲಿ 120 ಸಲ. ಅದೇ ಪದರವನ್ನು ಅಲ್ಲಿನ ಮಣ್ಣಿಗೇ ನೂರಕ್ಕೆ ಐದರಂತೆ ಸುಣ್ಣ ಬೆರೆಸಿ ಮಾಡಿದರೆ ಹೊರಗಿನಿಂದ ಬರಬೇಕಾದ್ದು 50 ಟನ್ನಿಗಿಂತ ಕಡಿಮೆ, ಐದು ಲಾರಿ. ಮೇಲಿನ ಪದರಕ್ಕೆ ಕಲ್ಲು ಬೇಕೇಬೇಕು, ಅದರಲ್ಲಿ ವಾದವಿಲ್ಲ. ತಳಕ್ಕೂ ಕಲ್ಲೇ ಯಾಕೆ ಎಂಬುದು ನನ್ನ ಪ್ರಶ್ನೆ. ಉಳಿದ 115 ಲಾರಿ ಬರುವ ಕಡೆ ಬೀರಭೂಮದ ಮೊಹಮ್ಮದ್ ಬಜಾರ್ ಇದೆ. ಅಲ್ಲಿನ ಕ್ರಷರುಗಳಲ್ಲಿ ದುಡಿಯುವ ಸಂತಾಲರು ಧೂಳು ಉಸಿರಾಡುತ್ತಾರೆ, ಸಿಲಿಕೋಸಿಸ್ ಬಂದರೆ ಅದಕ್ಕೆ ಮದ್ದಿಲ್ಲ. ಇಟ್ಟಿಗೆ ಗೂಡುಗಳ ಕಾಲವೇ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಗೂಡು ಹೊಲದ ಮೇಲ್ಮಣ್ಣನ್ನೇ ತಿನ್ನುತ್ತದೆ.

ಗೂಡಿಲ್ಲದ ಸುರ್ಕಿಯೂ ಒಂದಿದೆ, ಹಾರುಬೂದಿ. ಕಲ್ಲಿದ್ದಲಿನೊಳಗಿನ ಜೇಡಿ ವಿದ್ಯುತ್ ಸ್ಥಾವರದ ಬೆಂಕಿಯಲ್ಲಿ ಬೆಂದು ಬೂದಿಯಾಗಿ ಬಂದಿರುತ್ತದೆ. ಸುಣ್ಣ ಸೇರಿದರೆ ಅದೂ ಗಟ್ಟಿಯಾಗುತ್ತದೆ. ಡಾನ್‌ಕುನಿಯಿಂದ ಕೋಲಾಘಾಟ್‌ವರೆಗೆ ಹೆದ್ದಾರಿಯನ್ನು ನಾಲ್ಕು ಪಥ ಮಾಡುವಾಗ ಏರಿಗೆ ಕೋಲಾಘಾಟ್ ಸ್ಥಾವರದ ಸುಮಾರು 20 ಲಕ್ಷ ಘನ ಮೀಟರ್ ಬೂದಿ ತುಂಬಿದರು. ಅಷ್ಟು ಮಣ್ಣು ಯಾವುದೋ ಗದ್ದೆಯಲ್ಲೇ ಉಳಿಯಿತು.

ಗುತ್ತಿಗೆದಾರರು ಹಿಂಜರಿಯುವುದು ಯಾಕೆಂದು ನನಗೆ ಅರ್ಥವಾಗುತ್ತದೆ. ಜಲ್ಲಿ ಎಲ್ಲ ಕಡೆ ಜಲ್ಲಿಯೇ. ಮಣ್ಣು ಹಾಗಲ್ಲ, ಅರ್ಧ ಕಿಲೋಮೀಟರಿಗೆ ಗುಣ ಬದಲಾಗುತ್ತದೆ, ಬದಲಾದಲ್ಲೆಲ್ಲ ಪರೀಕ್ಷೆ ಮಾಡಿ ಸುಣ್ಣದ ಪ್ರಮಾಣ ನಿಗದಿ ಮಾಡಬೇಕು. ಬೆರೆಸಿ ಒತ್ತಿದ ಮೇಲೆ ತೇವ ಆರದಂತೆ ದಿನಗಟ್ಟಲೆ ಕಾಯಬೇಕು, ಗಾಡಿ ಬಿಡುವಂತಿಲ್ಲ. ವರ್ಷಕ್ಕೆ 1600 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಅಂಥ ಕೆಲಸಕ್ಕೆ ಸಿಗುವುದು ದುರ್ಗಾಪೂಜೆ ಮುಗಿದು ಕಾಲಬೈಶಾಖಿಯ ಗಾಳಿಮಳೆ ಶುರುವಾಗುವವರೆಗಿನ ನಾಲ್ಕೈದು ತಿಂಗಳು. ಕಡತ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಸಹಿಯಾಗಿ ಬರುವಾಗ ಅದರಲ್ಲಿ ಮೂರು ಕಳೆದಿರುತ್ತವೆ. ಅಷ್ಟರಲ್ಲಿ ಪಾಕುಡದ ಜಲ್ಲಿ ಹೊತ್ತ ಗೂಡ್ಸ್ ಗಾಡಿ ಬಂದು ನಿಂತಿರುತ್ತದೆ.