ಬೆಕ್ಕು: ಸಂತಾನೋತ್ಪತ್ತಿ ಮತ್ತು ಮರಿಪಾಲನೆ

ಸಾಕುಬೆಕ್ಕು (ಫೆಲಿಸ್ ಕ್ಯಾಟಸ್) ಫೆಲಿಡೇ ಕುಟುಂಬಕ್ಕೆ ಸೇರಿದ ಸ್ತನಿ. ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕು (ಫೆಲಿಸ್ ಲಿಬಿಕ) ಇದರ ಮೂಲ. ಸಾವಿರಾರು ವರ್ಷಗಳಿಂದ ಮನುಷ್ಯನ ನೆರೆಯಲ್ಲಿದ್ದರೂ ಇದರ ಸಂತಾನಕ್ರಮ ಒಂಟಿಯಾಗಿ ಅಲೆದು ಬೇಟೆಯಾಡುವ ಪೂರ್ವಜರದೇ ಆಗಿ ಉಳಿದಿದೆ. ಅಂಡ ಬಿಡುಗಡೆಯಾಗಲು ಸಾಮಾನ್ಯವಾಗಿ ಗಂಡಿನೊಡನೆ ಕೂಡುವಿಕೆಯೇ ಪ್ರಚೋದನೆಯಾಗಬೇಕಾಗಿರುವುದು ಈ ಕ್ರಮದ ಮುಖ್ಯ ಲಕ್ಷಣ; ಉಳಿದ ಹಲವು ವಿಶೇಷಗಳು ಇದಕ್ಕೇ ಹೆಣೆದುಕೊಂಡಿವೆ.

ಬೆದೆ

ಹೆಣ್ಣುಬೆಕ್ಕು ಸಾಮಾನ್ಯವಾಗಿ 6ರಿಂದ 9 ತಿಂಗಳ ವಯಸ್ಸಿನಲ್ಲಿ ಮೊದಲ ಸಲ ಬೆದೆಗೆ ಬರುತ್ತದೆ. 4 ತಿಂಗಳಿಗೇ ಬರುವುದೂ ಉಂಟು. ಆಗ ಅದು ನೆಲದ ಮೇಲೆ ಹೊರಳಾಡುತ್ತದೆ, ರಾತ್ರಿಯಿಡೀ ಎಳೆದೆಳೆದು ಕೂಗುತ್ತದೆ. ಬೆನ್ನು ಮುಟ್ಟಿದರೆ ಎದೆಯನ್ನು ನೆಲಕ್ಕೊತ್ತಿ, ಹಿಂಭಾಗ ಎತ್ತಿ, ಬಾಲವನ್ನು ಪಕ್ಕಕ್ಕೆ ಸರಿಸಿ, ಹಿಂಗಾಲುಗಳನ್ನು ತುಳಿಯುತ್ತ ನಿಲ್ಲುತ್ತದೆ. ನೋವಿನಿಂದ ನರಳುತ್ತಿದೆಯೆಂದು ತಿಳಿದು ವೈದ್ಯರಲ್ಲಿಗೆ ಒಯ್ಯುವವರಿದ್ದಾರೆ. ಬೆದೆ ಸುಮಾರು ಒಂದು ವಾರವಿರುತ್ತದೆ. ಗಂಡು ಸಿಗದಿದ್ದರೆ ಎರಡು ಮೂರು ವಾರಗಳಲ್ಲಿ ಮತ್ತೆ ಬರುತ್ತದೆ.

ಬೆದೆಯ ಋತುವನ್ನು ನಿರ್ಧರಿಸುವುದು ಹಗಲಿನ ಉದ್ದ. ಉತ್ತರ ಯುರೋಪಿನಲ್ಲಿ ಶರತ್ಕಾಲದ ಕೊನೆಯಿಂದ ಚಳಿಗಾಲದವರೆಗೆ ಬೆದೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹೀಗಾಗಿ ನಮ್ಮಲ್ಲಿ ಅಷ್ಟು ಸ್ಪಷ್ಟವಾದ ಬಿಡುವು ಇರುವುದಿಲ್ಲ. ಮನೆಯೊಳಗಿನ ದೀಪದ ಬೆಳಕು ಇದ್ದಷ್ಟು ಬಿಡುವನ್ನೂ ಅಳಿಸಬಲ್ಲದು.

ಕೂಡುವಿಕೆ ಮತ್ತು ಅಂಡೋತ್ಸರ್ಗ

ಗಂಡು ಹೆಣ್ಣಿನ ಕತ್ತಿನ ಹಿಂಭಾಗದ ಚರ್ಮವನ್ನು ಹಲ್ಲಿನಿಂದ ಹಿಡಿದು ಏರುತ್ತದೆ. ಕೂಡುವಿಕೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೆಣ್ಣು ಚೀರಿ, ಬಿಡಿಸಿಕೊಂಡು, ಪಂಜ ಬೀಸಿ, ನೆಲದಲ್ಲಿ ಉರುಳಿ ಮೈ ನೆಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎರಡೂ ಮತ್ತೆ ಕೂಡುತ್ತವೆ. ಒಂದೇ ದಿನ ಹಲವಾರು ಸಲ ಹೀಗಾಗುತ್ತದೆ.

ಈ ಪುನರಾವರ್ತನೆಗೆ ಕಾರಣವಿದೆ. ಯೋನಿಯ ನರಗಳ ಪ್ರಚೋದನೆ ಬೆನ್ನುಹುರಿಯ ಮೂಲಕ ಮಿದುಳಿನ ಹೈಪೊಥಲಾಮಸ್ ತಲುಪಿದಾಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರ ಮಟ್ಟ ಸಾಕಷ್ಟು ಏರಿದರೆ ಒಂದೆರಡು ದಿನಗಳಲ್ಲಿ ಅಂಡಗಳು ಹೊರಬೀಳುತ್ತವೆ. ಪ್ಯಾಟ್ರಿಕ್ ಕಾನ್‌ಕ್ಯಾನನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಸಲ ಕೂಡಿದ ಹೆಣ್ಣುಗಳೆಲ್ಲವೂ ಅಂಡ ಬಿಡಲಿಲ್ಲ. ಪದೇ ಪದೇ ಕೂಡಿದವುಗಳಲ್ಲಿ ಎಲ್‌ಎಚ್ ಮಟ್ಟ ಹೆಚ್ಚು ಏರಿತ್ತು. ವಿಶಾಲ ಪ್ರದೇಶದಲ್ಲಿ ಒಂಟಿಯಾಗಿ ತಿರುಗುವ ಪ್ರಾಣಿಗೆ, ಗಂಡು ಎದುರಾದ ಮೇಲಷ್ಟೇ ಅಂಡ ಹೊರಬರುವುದು ಅನುಕೂಲವೇ ಸರಿ.

ಗಂಡಿನ ಶಿಶ್ನದ ತುದಿಯಲ್ಲಿ ಹಿಮ್ಮುಖವಾಗಿ ಬಾಗಿದ, ನೂರಕ್ಕೂ ಹೆಚ್ಚು ಸೂಕ್ಷ್ಮ ಮುಳ್ಳುಗಳಿವೆ. ಲೆಸ್ಟರ್ ಆರನ್‌ಸನ್ ಮತ್ತು ಕೂಪರ್ 1967ರಲ್ಲಿ ಇವುಗಳ ಬಗ್ಗೆ ಬರೆದ ಪ್ರಬಂಧ ಇಂದಿಗೂ ಆಧಾರಗ್ರಂಥದಂತಿದೆ. ವೃಷಣ ತೆಗೆದರೆ ಮುಳ್ಳುಗಳು ಕುಗ್ಗುತ್ತವೆ, ಟೆಸ್ಟೋಸ್ಟೆರಾನ್ ಕೊಟ್ಟರೆ ಮರಳಿ ಬೆಳೆಯುತ್ತವೆ. ಅಂಡೋತ್ಸರ್ಗವನ್ನು ಕೆರಳಿಸುವುದೇ ಈ ಮುಳ್ಳು ಎಂದು ಜನಪ್ರಿಯ ಪುಸ್ತಕಗಳು ಖಚಿತವಾಗಿ ಹೇಳಿಬಿಡುತ್ತವೆ. ಅಷ್ಟು ಖಚಿತತೆ ಸಲ್ಲದು. ಪ್ರಯೋಗಾಲಯಗಳಲ್ಲಿ ನಯವಾದ ಕಡ್ಡಿಯ ಸ್ಪರ್ಶದಿಂದಲೂ ಅಂಡೋತ್ಸರ್ಗವಾಗುತ್ತದೆ. ಗಂಡಿನ ಸಂಪರ್ಕವೇ ಇಲ್ಲದೆ ಅಂಡ ಬಿಡುವ ಹೆಣ್ಣುಗಳೂ ಇವೆ. ಮುಳ್ಳುಗಳು ಪ್ರಚೋದನೆಯನ್ನು ತೀವ್ರಗೊಳಿಸುತ್ತವೆ ಎನ್ನುವಷ್ಟು ಸಮಂಜಸ. ಅವಿಲ್ಲದೆ ಆಗದು ಎನ್ನಲು ಆಧಾರ ಸಾಲದು. ಅಂಡೋತ್ಸರ್ಗವಾಗಿಯೂ ಗರ್ಭ ನಿಲ್ಲದಿದ್ದರೆ ಸುಮಾರು 40 ದಿನಗಳ ಸುಳ್ಳು ಗರ್ಭ ಉಂಟಾಗುತ್ತದೆ.

ಒಂದೇ ಬೆದೆಯಲ್ಲಿ ಹೆಣ್ಣು ಹಲವು ಗಂಡುಗಳೊಡನೆ ಕೂಡುವುದರಿಂದ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರಬಹುದು. ಫ್ರಾನ್ಸಿನ ಲಿಯೋಂ ನಗರದ ಬೆಕ್ಕುಗಳನ್ನೂ ಹಳ್ಳಿಯ ಬೆಕ್ಕುಗಳನ್ನೂ ಹೋಲಿಸಿ 1999ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ, ಒತ್ತೊತ್ತಾಗಿ ಬಾಳುವ ನಗರದ ಬೆಕ್ಕುಗಳಲ್ಲಿ ಇಂಥ ಸೂಲುಗಳು ಬಹಳ ಹೆಚ್ಚಾಗಿದ್ದವು.

ಗರ್ಭ ಮತ್ತು ಹೆರಿಗೆ

ಗರ್ಭಾವಧಿ 63ರಿಂದ 67 ದಿನ. ಸಾಮಾನ್ಯವಾಗಿ ಮೂರರಿಂದ ಐದು ಮರಿಗಳು ಹುಟ್ಟುತ್ತವೆ. ತಾಯಿ ಅಟ್ಟ, ಕಪಾಟು, ಸೌದೆಯ ರಾಶಿಯಂಥ ಕತ್ತಲ ಮೂಲೆ ಹುಡುಕಿಕೊಂಡು ಹೋಗಿ ಈಯುತ್ತದೆ. ಪ್ರತಿ ಮರಿಯ ಪೊರೆಯನ್ನು ನೆಕ್ಕಿ ಹರಿದು, ಹೊಕ್ಕುಳಬಳ್ಳಿ ಕಡಿದು, ಮಾಸನ್ನು ತಿನ್ನುತ್ತದೆ.

ಮರಿಪಾಲನೆ

ನವಜಾತ ಮರಿಯ ತೂಕ ಸುಮಾರು 100 ಗ್ರಾಂ. ಕಣ್ಣು ಮುಚ್ಚಿರುತ್ತವೆ, ಕಿವಿಯೂ ಕೇಳಿಸದು. ವಾಸನೆ ಮತ್ತು ಬಿಸುಪನ್ನೇ ಅನುಸರಿಸಿ ತಾಯಿಯ ಹೊಟ್ಟೆಯತ್ತ ತೆವಳುತ್ತದೆ. ರೋಗನಿರೋಧಕ ಶಕ್ತಿಯ ಬಹುಪಾಲು ಗಿಣ್ಣುಹಾಲಿನಿಂದ ಬರಬೇಕು. ಅದರಲ್ಲಿನ ಪ್ರತಿಕಾಯಗಳನ್ನು ಕರುಳು ಹೀರಿಕೊಳ್ಳುವುದು ಮೊದಲ 16 ಗಂಟೆಗಳಷ್ಟು ಕಾಲ ಮಾತ್ರ. ಎರಡು ಮೂರು ದಿನಗಳಲ್ಲಿ ಹೆಚ್ಚಿನ ಮರಿಗಳು ತಮ್ಮದೇ ಮೊಲೆತೊಟ್ಟನ್ನು ಗುರುತಿಟ್ಟುಕೊಂಡು ಅದಕ್ಕೇ ಮರಳುತ್ತವೆ. ಮೊದಲ ಮೂರು ವಾರ ತಾಯಿ ನೆಕ್ಕಿ ಪ್ರಚೋದಿಸದೆ ಮರಿ ಮಲಮೂತ್ರ ವಿಸರ್ಜಿಸಲಾರದು. ಅನಾಥ ಮರಿ ಸಾಕುವವರು ಹಾಲು ಕುಡಿಸುವುದರ ಜೊತೆಗೆ ಒದ್ದೆ ಹತ್ತಿಯಿಂದ ಒರೆಸುವ ಈ ಕೆಲಸವನ್ನೂ ಮರೆಯಬಾರದು.

ಅಪಾಯ ಕಂಡರೆ, ಕೆಲವೊಮ್ಮೆ ಕಾಣುವ ಕಾರಣವೇ ಇಲ್ಲದೆ, ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿ ಬೇರೆಡೆಗೆ ಸಾಗಿಸುತ್ತದೆ. ಕತ್ತಿನ ಚರ್ಮ ಹಿಡಿದೊಡನೆ ಮರಿ ಹಿಂಗಾಲು ಮಡಚಿ, ಬಾಲ ಒಳಸೇರಿಸಿ, ಮೈ ಸಡಿಲಬಿಡುತ್ತದೆ. ಶ್ರೀವೈಷ್ಣವರಲ್ಲಿ ತೆಂಕಲೈ ಪಂಥದವರು ಶರಣಾಗತಿಗೆ ದೃಷ್ಟಾಂತವಾಗಿ ಬಳಸುವ ಮಾರ್ಜಾಲಕಿಶೋರ ನ್ಯಾಯ ಈ ನಡವಳಿಕೆಯನ್ನೇ ಆಧರಿಸಿದೆ. ತಾಯಿಯನ್ನು ತಾನೇ ತಬ್ಬಿ ಹಿಡಿಯುವ ಕೋತಿಮರಿ ವಡಗಲೈ ಪಂಥದ ದೃಷ್ಟಾಂತ. ಎರಡೂ ನಿಖರವಾದ ಪ್ರಾಣಿವೀಕ್ಷಣೆಗಳು.

ಮರಿ ಕಣ್ಣು ಬಿಡುವುದು 7ರಿಂದ 10 ದಿನಗಳಿಗೆ. ನಾಲ್ಕನೆಯ ವಾರದಿಂದ ಗಟ್ಟಿ ಆಹಾರ ಆರಂಭವಾಗುತ್ತದೆ. ಹೊರಗೆ ಬೇಟೆಯಾಡುವ ತಾಯಿ ಮೊದಲು ಸತ್ತ ಇಲಿಯನ್ನೂ ಮುಂದೆ ಜೀವಂತ ಇಲಿಯನ್ನೂ ತಂದು ಮರಿಗಳ ಮುಂದೆ ಬಿಡುತ್ತದೆ. ತಪ್ಪಿಸಿಕೊಂಡರೆ ತಾನೇ ಹಿಡಿದು ಮತ್ತೆ ಬಿಡುತ್ತದೆ. ಎರಡರಿಂದ ಏಳನೆಯ ವಾರದೊಳಗೆ ಮೃದುವಾದ ಮನುಷ್ಯಸ್ಪರ್ಶ ಕಂಡ ಮರಿ ಜನರಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೂ ಎಂಟು ವಾರ ತುಂಬುವ ಮುನ್ನ ತಾಯಿಯಿಂದ ಅಗಲಿಸುವುದು ಮರಿಗೆ ಮಾಡುವ ಅನ್ಯಾಯ.

ಮರಿಗಳ ಪಾಲನೆಯಲ್ಲಿ ಗಂಡಿನ ಪಾತ್ರವಿಲ್ಲವೆನ್ನಬಹುದು. ಅನ್ಯ ಗಂಡುಗಳು ಮರಿಗಳನ್ನು ಕೊಲ್ಲುವುದೂ ಉಂಟು. ಆಹಾರ ಹೇರಳವಾಗಿರುವ ಮೀನು ಮಾರುಕಟ್ಟೆ, ಕೊಟ್ಟಿಗೆಗಳಂಥ ಕಡೆ ಬಂಧುಗಳಾದ ಹೆಣ್ಣುಗಳು ಒಂದೇ ಗೂಡಿನಲ್ಲಿ ಪರಸ್ಪರರ ಮರಿಗಳಿಗೆ ಹಾಲೂಡಿಸುತ್ತವೆ.

ಸಂತಾನ ನಿಯಂತ್ರಣ

ಹಾಲೂಡಿಸುತ್ತಿರುವಾಗಲೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಆದ್ದರಿಂದ ಶಸ್ತ್ರಚಿಕಿತ್ಸೆಯೇ ಖಚಿತ ಮಾರ್ಗ. ಒಂದು ಸೂಲಾದರೂ ಆಗಲಿ ಎಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ; ಮೊದಲ ಬೆದೆಗೆ ಮುನ್ನ ಶಸ್ತ್ರಚಿಕಿತ್ಸೆಯಾದ ಹೆಣ್ಣುಗಳಲ್ಲಿ ಮುಂದೆ ಸ್ತನಗ್ರಂಥಿಯ ಕ್ಯಾನ್ಸರ್ ಬರುವ ಸಂಭವ ಬಹಳ ಕಡಿಮೆ.